ಬಿಳಿ ಅಂಚಿನ ಟೈರು: ಹೊಸ ಕಾರಿಗೆ ಹಳೆಯ ಸಿಂಗಾರ ಒಪ್ಪೀತೇ?

ಐವತ್ತರ ದಶಕದ ಹಾಲಿವುಡ್ ಚಿತ್ರಗಳಲ್ಲಿ ಬರುವ ಉದ್ದನೆಯ ಅಮೆರಿಕನ್ ಕಾರುಗಳನ್ನು ನೆನಪಿಸಿಕೊಳ್ಳಿ. ಮಿರಿಮಿರಿ ಮಿಂಚುವ ಕ್ರೋಮ್ ಬಂಪರ್, ಮೀನಿನ ರೆಕ್ಕೆಯಂತೆ ಹಿಂದಕ್ಕೆ ಚಾಚಿದ ಬಾಲ, ಅವುಗಳ ಕೆಳಗೆ ಕಪ್ಪು ಟೈರಿನ ಮೈಮೇಲೆ ಅಗಲವಾದ ಬಿಳಿಯ ಬಳೆ. ರೇಷ್ಮೆ ಸೀರೆಗೆ ಅಂಚು ಹೇಗೋ ಆ ಕಾಲದ ಕಾರಿಗೆ ಈ ಬಿಳಿ ಪಟ್ಟಿ ಹಾಗೆ. ವಾಹನ ಲೋಕದಲ್ಲಿ ಇದನ್ನು 'ವೈಟ್‌ವಾಲ್' ಎನ್ನುತ್ತಾರೆ. ನಮ್ಮಲ್ಲೂ ವಿಂಟೇಜ್ ಕಾರುಗಳ ರ್‍ಯಾಲಿ ನಡೆದಾಗ ಜನ ಮೊದಲು ಮೊಬೈಲ್ ಕ್ಯಾಮೆರಾ ತಿರುಗಿಸುವುದು ಇಂತಹ ಚಕ್ರಗಳ ಕಡೆಗೇ.

ಈ ಸಿಂಗಾರವನ್ನು ಇಂದಿನ ಕಾರಿಗೂ ತೊಡಿಸಬೇಕೆಂಬ ಆಸೆ ಅನೇಕರಿಗಿದೆ. ಅದರಲ್ಲೂ ಹಳೆಯ ರೂಪವನ್ನು ನೆನಪಿಸುವಂತೆ ತಯಾರಾದ ಫಿಯೆಟ್ 500, ಮಿನಿ, ಫೋಕ್ಸ್‌ವ್ಯಾಗನ್ ಬೀಟಲ್‌ನಂತಹ ಕಾರುಗಳ ಒಡೆಯರಿಗೆ ಈ ಆಸೆ ತುಸು ಹೆಚ್ಚು. ಬಿಡಿಭಾಗಗಳ ಅಂಗಡಿಗೆ ಹೋಗಿ ಕೇಳಿದರೆ ಕೆಲವು ನೂರು ರೂಪಾಯಿಗಳ ಬಿಳಿ ರಬ್ಬರ್ ಉಂಗುರವೊಂದನ್ನು ಮುಂದಿಟ್ಟು, 'ಹತ್ತು ನಿಮಿಷದ ಕೆಲಸ' ಎನ್ನುವವರೂ ಇದ್ದಾರೆ. ಆದರೆ ಇದು ಹತ್ತು ನಿಮಿಷದ ಕೆಲಸವಲ್ಲ. ಕಾರಿನ ಹೊರಮೈಗೆ ಅಂಟಿಸುವ ಇತರ ಅಲಂಕಾರಗಳ ಸಾಲಿಗೆ ಇದನ್ನು ಸೇರಿಸುವುದೂ ತಪ್ಪು. ನಿಜವಾದ ವೈಟ್‌ವಾಲ್‌ನಲ್ಲಿ ಬಿಳುಪು ಟೈರಿನ ಮೇಲಿರುವುದಿಲ್ಲ, ಟೈರಿನ ಒಳಗೇ ಇರುತ್ತದೆ. ಈ ಒಂದು ವ್ಯತ್ಯಾಸವನ್ನು ಅರಿತರೆ ಯಾವುದನ್ನು ಕೊಳ್ಳಬೇಕು, ಯಾವುದನ್ನು ಬಿಡಬೇಕು ಎಂಬುದು ತಾನಾಗಿಯೇ ತಿಳಿಯುತ್ತದೆ.

ಬಿಳುಪೇ ಅಗ್ಗವಾಗಿದ್ದ ಕಾಲ

ಟೈರು ಎಂದರೆ ಕಪ್ಪು ಎಂದೇ ನಾವು ಭಾವಿಸಿದ್ದೇವೆ. ಆದರೆ ರಬ್ಬರ್ ಮರದಿಂದ ಇಳಿಯುವ ಹಾಲು ಬಿಳಿಯದು. ಮೋಟಾರು ಯುಗದ ಆರಂಭದಲ್ಲಿ ಆ ರಬ್ಬರಿಗೆ ಸತುವಿನ ಆಕ್ಸೈಡನ್ನು ಬೆರೆಸುತ್ತಿದ್ದುದರಿಂದ ಟೈರುಗಳು ತಿಳಿಬಣ್ಣದವೇ ಆಗಿದ್ದವು. ಮಿಷೆಲಿನ್ ಕಂಪನಿಯ ಪ್ರಸಿದ್ಧ ಟೈರು ಮನುಷ್ಯ ಬಿಬೆಂಡಮ್ 1898ರಲ್ಲಿ ಹುಟ್ಟಿದಾಗ ಬೆಳ್ಳಗಿದ್ದುದಕ್ಕೆ ಕಾರಣವೂ ಇದೇ. ಆಗಿನ ಟೈರುಗಳು ಹಾಗೆಯೇ ಇದ್ದವು!

ಲಂಡನ್ನಿನ ಸಿಲ್ವರ್‌ಟೌನ್‌ನಲ್ಲಿದ್ದ ರಬ್ಬರ್ ಕಾರ್ಖಾನೆಯೊಂದರಲ್ಲಿ 1904ರಲ್ಲಿ ಎಸ್.ಸಿ. ಮೋಟ್ ಎಂಬ ರಸಾಯನತಜ್ಞ, ರಬ್ಬರಿಗೆ ಕಾರ್ಬನ್ ಬ್ಲ್ಯಾಕ್ ಎಂಬ ಇಂಗಾಲದ ನುಣುಪಾದ ಕಪ್ಪು ಪುಡಿಯನ್ನು ಬೆರೆಸಿದರೆ ಅದರ ಬಲ ಗಣನೀಯವಾಗಿ ಹೆಚ್ಚುವುದನ್ನು ಕಂಡುಕೊಂಡರು. ಬಿಸಿಲಿನ ಅತಿನೇರಳೆ ಕಿರಣಗಳಿಂದಲೂ ಈ ಪುಡಿ ರಬ್ಬರನ್ನು ಕಾಪಾಡುತ್ತದೆ. ಮುಂದಿನ ದಶಕದಲ್ಲಿ ಅಮೆರಿಕದ ಗುಡ್‌ರಿಚ್ ಕಂಪನಿ ಈ ವಿದ್ಯೆಯನ್ನು ದೊಡ್ಡ ಪ್ರಮಾಣದಲ್ಲಿ ಬಳಕೆಗೆ ತಂದಿತು. ಅದಕ್ಕೆ ಕಪ್ಪು ಪುಡಿ ಪೂರೈಸಿದ ಬಿನ್ನಿ ಅಂಡ್ ಸ್ಮಿತ್ ಕಂಪನಿ, ಮಕ್ಕಳು ಬಣ್ಣ ಹಚ್ಚುವ ಕ್ರೆಯೋಲಾ ಕಡ್ಡಿಗಳನ್ನು ತಯಾರಿಸುತ್ತಿದ್ದ ಕಂಪನಿಯೇ ಎಂಬುದು ಸ್ವಾರಸ್ಯದ ಸಂಗತಿ.

ಸವೆಯುವುದು ನೆಲಕ್ಕೆ ತಾಗುವ ಭಾಗ, ಅಂದರೆ ಟ್ರೆಡ್. ಆದ್ದರಿಂದ ತಯಾರಕರು ಮೊದಮೊದಲು ಅಷ್ಟಕ್ಕೆ ಮಾತ್ರ ಕಪ್ಪು ಪುಡಿ ಸೇರಿಸಿ, ಪಕ್ಕದ ಗೋಡೆಯನ್ನು ಬೆಳ್ಳಗೆ ಬಿಟ್ಟರು. ವೈಟ್‌ವಾಲ್ ಹುಟ್ಟಿದ್ದು ಹೀಗೆ. ಅಂದಿನ ದಿನಗಳಲ್ಲಿ ಪೂರ್ತಿ ಕಪ್ಪು ಟೈರೇ ದುಬಾರಿ, ಅದೇ ಪ್ರತಿಷ್ಠೆಯ ಗುರುತು. ಬಿಳಿಯ ಗೋಡೆಗೆ ಕೆಸರು ಅಂಟಿದರೆ ಉಜ್ಜಿ ತೊಳೆಯಬೇಕು, ಕಪ್ಪಿಗೆ ಆ ರಗಳೆಯಿಲ್ಲ. ಎಲ್ಲ ಟೈರುಗಳೂ ಕಪ್ಪಾದ ಮೇಲೆ ಲೆಕ್ಕಾಚಾರ ತಲೆಕೆಳಗಾಯಿತು. ಅಪರೂಪವಾದ ಬಿಳುಪು ಶ್ರೀಮಂತಿಕೆಯ ಲಕ್ಷಣವಾಯಿತು. 1914ರಲ್ಲಿ ಷಿಕಾಗೋದಲ್ಲಿ ಆರಂಭವಾದ ವೋಗ್ ಕಂಪನಿ ಸಿರಿವಂತರ ವಾಹನಗಳಿಗೆಂದೇ ಬಿಳಿ ಗೋಡೆಯ ಟೈರುಗಳನ್ನು ಮಾರಿತು. 1934ರಲ್ಲಿ ಫೋರ್ಡ್ ಕಂಪನಿ ತನ್ನ ಕಾರುಗಳಿಗೆ ಹೆಚ್ಚುವರಿ ಬೆಲೆಯ ಆಯ್ಕೆಯಾಗಿ ಇವನ್ನು ಒದಗಿಸಿತು.

ಎರಡನೆಯ ಮಹಾಯುದ್ಧದ ಕಾಲದಲ್ಲಿ ರಬ್ಬರಿನ ಕೊರತೆಯಿಂದ ಮರೆಯಾದ ಬಿಳಿ ಅಂಚು, ಐವತ್ತರ ದಶಕದಲ್ಲಿ ಮತ್ತೆ ಮೆರೆಯಿತು. 1957ರ ಕ್ಯಾಡಿಲಾಕ್ ಎಲ್ಡೊರಾಡೊ ಬ್ರೌಮ್ ಕಾರಿನಲ್ಲಿ ಪಟ್ಟಿ ಒಂದು ಇಂಚಿಗೆ ಇಳಿಯಿತು. 1962ರ ಹೊತ್ತಿಗೆ ಅಮೆರಿಕದ ಬಹುತೇಕ ಹೊಸ ಕಾರುಗಳಲ್ಲಿ ಅಗಲ ಪಟ್ಟಿ ಹೋಗಿ ಕಿರುಪಟ್ಟಿ ಉಳಿಯಿತು. ಮುಂದೆ ಅದೂ ಕ್ರಮೇಣ ಕಣ್ಮರೆಯಾಯಿತು. ಇಂದು ನಿಜವಾದ ವೈಟ್‌ವಾಲ್‌ಗಳು ಸಿಗುವುದು ಹೆಚ್ಚಾಗಿ ಹಳೆಯ ಕಾರುಗಳ ಟೈರಿಗೆಂದೇ ಮೀಸಲಾದ ಕೆಲವು ಸಂಸ್ಥೆಗಳಲ್ಲಿ. ಅಮೆರಿಕದ ಟೆನ್ನೆಸಿ ರಾಜ್ಯದಲ್ಲಿ 1958ರಲ್ಲಿ ಆರಂಭವಾದ ಕೋಕರ್ ಟೈರ್ ಅವುಗಳಲ್ಲಿ ಪ್ರಮುಖವಾದುದು.

ಒಳಗಿನ ಬಿಳುಪು

ನಿಜವಾದ ವೈಟ್‌ವಾಲ್ ಟೈರನ್ನು ತಯಾರಿಸುವಾಗಲೇ ಪಕ್ಕದ ಗೋಡೆಯೊಳಗೆ ಬಿಳಿ ರಬ್ಬರಿನ ಒಂದು ಪದರವನ್ನು ಕೂರಿಸುತ್ತಾರೆ. ಅದರ ಮೇಲೆ ತೆಳುವಾದ ಕಪ್ಪು ಪದರವನ್ನು ಹೊದಿಸಿ, ಅಚ್ಚಿನಲ್ಲಿಟ್ಟು ಶಾಖ ಮತ್ತು ಒತ್ತಡದಿಂದ ಬೇಯಿಸುತ್ತಾರೆ. ವಲ್ಕನೀಕರಣ ಎಂಬ ಈ ಕ್ರಿಯೆಯಲ್ಲಿ ಪದರಗಳೆಲ್ಲ ಒಂದೇ ಮೈಯಾಗಿ ಬೆಸೆದುಕೊಳ್ಳುತ್ತವೆ. ಅನಂತರ ಮೇಲಿನ ಕಪ್ಪು ಹೊದಿಕೆಯನ್ನು ಯಂತ್ರದಿಂದ ಉಜ್ಜಿ ತೆಗೆದಾಗ, ಒಳಗಿನ ಬಿಳಿ ಬಳೆ ಬೇಕಾದಷ್ಟೇ ಅಗಲಕ್ಕೆ ಹೊರಬರುತ್ತದೆ.

ಇಲ್ಲೊಂದು ರಾಸಾಯನಿಕ ತೊಡಕಿದೆ. ಗಾಳಿಯಲ್ಲಿರುವ ಓಜೋನ್ ರಬ್ಬರನ್ನು ಬಿರಿಯುವಂತೆ ಮಾಡುತ್ತದೆ. ಅದನ್ನು ತಡೆಯಲು ಸಾಮಾನ್ಯ ಟೈರಿನ ರಬ್ಬರಿಗೆ ಕೆಲವು ರಕ್ಷಕ ರಾಸಾಯನಿಕಗಳನ್ನು ಬೆರೆಸುತ್ತಾರೆ. ಇವು ಟೈರಿನ ಒಡಲಿನಿಂದ ಮೆಲ್ಲಮೆಲ್ಲನೆ ಹೊರಮೈಗೆ ಜಿನುಗುತ್ತಲೇ ಇರುತ್ತವೆ. ಹಳೆಯ ಟೈರು ಕಂದುಬಣ್ಣಕ್ಕೆ ತಿರುಗುವುದು ಇದರಿಂದಲೇ. ಕಪ್ಪು ಗೋಡೆಯ ಮೇಲೆ ಈ ಕಂದು ಅಷ್ಟಾಗಿ ಕಾಣುವುದಿಲ್ಲ, ಬಿಳಿಯ ಮೇಲೆ ಚಹಾದ ಕಲೆಯಂತೆ ಎದ್ದು ಕಾಣುತ್ತದೆ. ಆದ್ದರಿಂದ ಬಿಳಿ ಪದರಕ್ಕೆ ತಾನಾಗಿಯೇ ಓಜೋನ್ ತಾಳುವ ವಿಶೇಷ ಕೃತಕ ರಬ್ಬರುಗಳನ್ನು ಬಳಸುತ್ತಾರೆ. ಬಿಳುಪಿಗೆ ಟೈಟಾನಿಯಂ ಡೈಆಕ್ಸೈಡ್ ಸೇರಿಸುತ್ತಾರೆ. ಸುತ್ತಲಿನ ಕಪ್ಪು ರಬ್ಬರ್ ಕೂಡ ಕಲೆ ಬಿಡದ ಬಗೆಯದಾಗಿರಬೇಕಾಗುತ್ತದೆ. ವೈಟ್‌ವಾಲ್ ಟೈರಿನ ಬೆಲೆ ಏರಲು ಈ ಹೆಚ್ಚುವರಿ ಪದರ ಮತ್ತು ಹೆಚ್ಚುವರಿ ಕೆಲಸವೇ ಮುಖ್ಯ ಕಾರಣ.

ಕುಗ್ಗಿದ ಗೋಡೆ

ಬಿಳಿ ಅಂಚು ಕೂರಬೇಕಾದರೆ ಅದಕ್ಕೊಂದು ಗೋಡೆ ಬೇಕು. ಹೊಸ ಕಾರುಗಳಲ್ಲಿ ಇಲ್ಲವಾಗುತ್ತಿರುವುದು ಅದೇ. ದೊಡ್ಡ ರಿಮ್, ತೆಳ್ಳನೆಯ ಟೈರು ಎಂಬುದು ಇಂದಿನ ಫ್ಯಾಷನ್. ಐವತ್ತರ ದಶಕದ ಟೈರಿನಲ್ಲಿ ಅಗಲಕ್ಕೆ ಹೆಚ್ಚುಕಡಿಮೆ ಸಮನಾದ ಎತ್ತರವಿರುತ್ತಿತ್ತು. ಇಂದಿನವುಗಳಲ್ಲಿ ಎತ್ತರ ಅಗಲದ ಅರ್ಧಕ್ಕೆ ಇಳಿದಿರುವುದುಂಟು.

ಇದನ್ನು ತಿಳಿಯಲು ಟೈರಿನ ಮೇಲೆ ಅಚ್ಚಾಗಿರುವ ಅಂಕಿಗಳನ್ನು ಓದಬೇಕು. ಉದಾಹರಣೆಗೆ 175/65 ಆರ್14 82ಟಿ ಎಂದಿದೆಯೆನ್ನಿ. ಇದರಲ್ಲಿ 175 ಎಂಬುದು ಟೈರಿನ ಅಗಲ, ಮಿಲಿಮೀಟರ್‌ಗಳಲ್ಲಿ. 65 ಎಂದರೆ ಗೋಡೆಯ ಎತ್ತರ ಆ ಅಗಲದ ಶೇ 65ರಷ್ಟು. 'ಆರ್' ಎಂದರೆ ರೇಡಿಯಲ್. 14 ಎಂಬುದು ರಿಮ್ಮಿನ ವ್ಯಾಸ, ಇಂಚುಗಳಲ್ಲಿ. 82 ಎಂಬುದು ಭಾರಸಂಕೇತ, ಒಂದು ಟೈರು 475 ಕಿಲೋ ಹೊರಬಲ್ಲದು ಎಂದರ್ಥ. 'ಟಿ' ಎಂಬುದು ವೇಗಸಂಕೇತ, ಗಂಟೆಗೆ 190 ಕಿ.ಮೀ.ವರೆಗೆ ತಾಳಬಲ್ಲದು ಎಂದರ್ಥ.

ಈಗ 2007ರಲ್ಲಿ ಇಟಲಿಯಲ್ಲಿ ಬಿಡುಗಡೆಯಾದ ಫಿಯೆಟ್ 500 ಕಾರನ್ನು ನೋಡೋಣ. 1957ರ ಅದೇ ಹೆಸರಿನ ಪುಟ್ಟ ಕಾರಿನ ಐವತ್ತನೆಯ ವರ್ಷಕ್ಕೆ ಬಂದ ಈ ಕಾರಿಗೆ ವೈಟ್‌ವಾಲ್ ತೊಡಿಸುವವರು ಯೂರೋಪು, ಅಮೆರಿಕಗಳಲ್ಲಿ ಸಾಕಷ್ಟಿದ್ದಾರೆ. ಕಂಪನಿಯೇ ಇದಕ್ಕೆ ಮಾದರಿಗೆ ತಕ್ಕಂತೆ 175/65 ಆರ್14, 185/55 ಆರ್15 ಮತ್ತು 195/45 ಆರ್16 ಎಂಬ ಮೂರು ಅಳತೆಯ ಟೈರುಗಳನ್ನು ಕೊಟ್ಟಿತ್ತು. ಲೆಕ್ಕ ಹಾಕಿದರೆ ಮೊದಲನೆಯದರ ಗೋಡೆ 114 ಮಿ.ಮೀ., ಎರಡನೆಯದರದು 102, ಮೂರನೆಯದರದು 88. ಆದರೆ ಟೈರಿನ ಒಟ್ಟು ವ್ಯಾಸ ಮೂರರಲ್ಲೂ 582ರಿಂದ 585 ಮಿ.ಮೀ. ಆಸುಪಾಸಿನಲ್ಲೇ ಇದೆ. ಅಂದರೆ ರಿಮ್ ಬೆಳೆದಷ್ಟೂ ಗೋಡೆ ಕುಗ್ಗಿದೆ, ಚಕ್ರದ ಒಟ್ಟು ಗಾತ್ರ ಬದಲಾಗಿಲ್ಲ.

ಹೊಸ ಕಾರಿಗೆ ವೈಟ್‌ವಾಲ್ ತೊಡಿಸುವ ಗುಟ್ಟು ಈ ಲೆಕ್ಕದಲ್ಲಿದೆ. 16 ಇಂಚಿನ ರಿಮ್ ಇರುವ ಫಿಯೆಟ್ 500ಕ್ಕೆ ಎರಡು ಇಂಚಿನ ಬಿಳಿ ಅಂಚು ಹಾಕಿದರೆ, ಗೋಡೆಯ ಅರ್ಧಕ್ಕಿಂತ ಹೆಚ್ಚು ಬೆಳ್ಳಗಾಗಿ ಕಾರು ಆಟಿಕೆಯಂತೆ ಕಾಣುತ್ತದೆ. ಅದೇ ಕಾರಿಗೆ ಕಂಪನಿಯೇ ಒಪ್ಪಿರುವ 14 ಇಂಚಿನ ರಿಮ್ ಹಾಕಿದರೆ ಅದೇ ಅಂಚು ಹದವಾಗಿ ಕೂರುತ್ತದೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆ ಇಲ್ಲಿಗೂ ಸಲ್ಲುತ್ತದೆ. ಅಂಚನ್ನು ಆರಿಸುವ ಮೊದಲು ಗೋಡೆಯನ್ನು ಆರಿಸಬೇಕು, ಗೋಡೆಯನ್ನು ಆರಿಸುವ ಮೊದಲು ರಿಮ್ಮನ್ನು ಆರಿಸಬೇಕು.

ನಮ್ಮ ರಸ್ತೆಗಳ ಮಟ್ಟಿಗೆ ಇದರಿಂದ ಇನ್ನೊಂದು ಲಾಭವೂ ಇದೆ. ಎತ್ತರದ ಗೋಡೆಯುಳ್ಳ ಟೈರು ಗುಂಡಿಗೆ ಬಿದ್ದಾಗ ಪೆಟ್ಟನ್ನು ತಾನೇ ನುಂಗಿಕೊಳ್ಳುತ್ತದೆ, ರಿಮ್ ಬಾಗುವ ಸಂಭವ ಕಡಿಮೆ. ತಿರುವುಗಳಲ್ಲಿ ಸ್ಟೀರಿಂಗ್‌ನ ಚುರುಕು ತುಸು ಕುಂದುತ್ತದೆ ಎಂಬುದು ಅದಕ್ಕೆ ತೆರಬೇಕಾದ ಬೆಲೆ.

ನಾಲ್ಕು ದಾರಿಗಳು

ಬಿಳಿ ಅಂಚನ್ನು ಪಡೆಯಲು ಸದ್ಯಕ್ಕೆ ನಾಲ್ಕು ದಾರಿಗಳಿವೆ.

ಮೊದಲನೆಯದು ಬಣ್ಣ ಬಳಿಯುವುದು. ಟೈರಿಗೆಂದೇ ಮಾರುವ ಬಣ್ಣಗಳಿವೆ. ಆದರೆ ಟೈರಿನ ಗೋಡೆ ಸುಮ್ಮನಿರುವ ಗೋಡೆಯಲ್ಲ. ಚಕ್ರ ಉರುಳುವಾಗ ನೆಲದ ಬಳಿಗೆ ಬಂದ ಭಾಗ ಉಬ್ಬಿ, ಮೇಲೇರಿದಾಗ ಮತ್ತೆ ನೆಟ್ಟಗಾಗುತ್ತದೆ. ಮೇಲೆ ಹೇಳಿದ 585 ಮಿ.ಮೀ. ವ್ಯಾಸದ ಚಕ್ರದ ಸುತ್ತಳತೆ ಸುಮಾರು 1.84 ಮೀಟರ್. 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಬೆಂಗಳೂರು-ಮೈಸೂರು ದಶಪಥ ಹೆದ್ದಾರಿಯ ಉದ್ದ 118 ಕಿ.ಮೀ. ಒಂದು ಸಲ ಅದನ್ನು ಕ್ರಮಿಸುವಷ್ಟರಲ್ಲಿ ಈ ಗೋಡೆಯ ಪ್ರತಿ ಬಿಂದುವೂ ಸುಮಾರು 64 ಸಾವಿರ ಸಲ ಬಾಗಿ ನೆಟ್ಟಗಾಗಿರುತ್ತದೆ! ಅಷ್ಟು ಬಾಗುವಿಕೆಯನ್ನು ತಾಳುವ ಬಣ್ಣ ಅಪರೂಪ. ಸ್ವಲ್ಪ ದಿನಗಳಲ್ಲೇ ಬಿರುಕು ಬಿಟ್ಟು, ಕಂದು ಹಿಡಿದು, ಸುಣ್ಣ ಉದುರಿದ ಗೋಡೆಯಂತಾಗುತ್ತದೆ. ಪ್ರದರ್ಶನಕ್ಕೆ ನಿಲ್ಲಿಸುವ ಕಾರಿಗೆ, ಚಿತ್ರೀಕರಣಕ್ಕೆ ಇದು ಸಾಕು. ದಿನಬಳಕೆಗೆ ಸಲ್ಲದು. ಅಂಟಿನಿಂದ ಕೂರಿಸುವ ಪಟ್ಟಿಗಳ ಕಥೆಯೂ ಹೆಚ್ಚು ಭಿನ್ನವಲ್ಲ.

ಎರಡನೆಯದು ಅಂಗಡಿಯವರು ತೋರಿಸುವ ಬಿಳಿ ರಬ್ಬರ್ ಉಂಗುರ. ಅಮೆರಿಕದಲ್ಲಿ ಇದಕ್ಕೆ 'ಪೋರ್ಟಾವಾಲ್' ಎಂಬ ಹಳೆಯ ಹೆಸರಿದೆ. ಟೈರನ್ನು ರಿಮ್ಮಿನಿಂದ ಬಿಡಿಸಿ, ಈ ಉಂಗುರದ ಒಳ ಅಂಚನ್ನು ಎರಡರ ನಡುವೆ ಸಿಕ್ಕಿಸಿ ಮತ್ತೆ ಗಾಳಿ ತುಂಬುತ್ತಾರೆ. ಹೊರ ಅಂಚು ಸಡಿಲವಾಗಿ ಗೋಡೆಗೆ ಆತುಕೊಂಡಿರುತ್ತದೆ. ಗೋಡೆ ಗಡುಸಾಗಿದ್ದ, ಟ್ಯೂಬ್ ಇರುತ್ತಿದ್ದ ಹಳೆಯ ಕಾಲದ ಟೈರುಗಳಲ್ಲಿ, ನಿಧಾನಗತಿಯ ಸಂಚಾರದಲ್ಲಿ ಇದು ಹೇಗೋ ನಡೆದುಹೋಗುತ್ತಿತ್ತು.

ಇಂದಿನ ರೇಡಿಯಲ್ ಟೈರಿನ ಗೋಡೆ ಮೃದು, ಹೆಚ್ಚು ಬಾಗುವಂಥದು. ಹಾಗಾಗಿ ಉಂಗುರ ಮತ್ತು ಗೋಡೆಯ ನಡುವೆ ಸದಾ ಉಜ್ಜಾಟ ನಡೆಯುತ್ತದೆ. ನಡುವೆ ಮರಳಿನ ಕಣ ಸೇರಿದರಂತೂ ಉಪ್ಪುಕಾಗದದಿಂದ ತಿಕ್ಕಿದಂತೆ. ಬಿಳಿ ಉಂಗುರ ಮುಚ್ಚಿಕೊಂಡಿರುವುದರಿಂದ ಒಳಗೆ ಗೋಡೆ ಸವೆಯುತ್ತಿರುವುದು ಕಣ್ಣಿಗೆ ಬೀಳುವುದೂ ಇಲ್ಲ. ಟ್ಯೂಬ್‌ಲೆಸ್ ಟೈರಿನಲ್ಲಿ ಗಾಳಿಯನ್ನು ಹಿಡಿದಿಡುವುದು ಟೈರಿನ ಅಂಚು ರಿಮ್ಮಿಗೆ ಬಿಗಿಯಾಗಿ ಕೂರುವ ಆ ಒಂದು ಜಾಗ. ಅಲ್ಲೇ ಉಂಗುರವನ್ನು ತೂರಿಸಿದರೆ ಗಾಳಿ ಸೋರುವ ಅಪಾಯವಿದೆ. ವೇಗ ಹೆಚ್ಚಿದಾಗ ಹೊರ ಅಂಚು ಮೇಲೆದ್ದು ಪಟಪಟನೆ ಬಡಿಯುವುದೂ ಉಂಟು. ಮೇಲೆಲ್ಲ ಥಳುಕು, ಒಳಗೆಲ್ಲ ಹುಳುಕು ಎಂಬ ಮಾತಿಗೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕಿಲ್ಲ. ಹೆದ್ದಾರಿಯಲ್ಲಿ ಓಡುವ ಕಾರಿಗೆ ಇದನ್ನು ತೊಡಿಸಲೇಬಾರದು.

ಮೂರನೆಯ ದಾರಿ, ಈಗಾಗಲೇ ತಯಾರಾಗಿರುವ ಒಳ್ಳೆಯ ರೇಡಿಯಲ್ ಟೈರಿನ ಗೋಡೆಯನ್ನು ಹದವಾಗಿ ಉಜ್ಜಿ, ಅದರ ಮೇಲೆ ಬಿಳಿ ರಬ್ಬರನ್ನಿಟ್ಟು ವಲ್ಕನೀಕರಣದಿಂದ ಬೆಸೆಯುವುದು. ಅಮೆರಿಕದ ದಕ್ಷಿಣ ಕೆರೊಲಿನಾದ ಡೈಮಂಡ್ ಬ್ಯಾಕ್ ಎಂಬ ಸಂಸ್ಥೆ ಈ ಕೆಲಸಕ್ಕೆ ಹೆಸರಾಗಿದೆ. ಇಲ್ಲಿ ಅಂಟಿನ ಮಾತಿಲ್ಲ, ಬಿಳುಪು ಟೈರಿನ ಮೈಗೆ ಸೇರಿಹೋಗಿರುತ್ತದೆ. ಮೂಲ ಟೈರಿನ ಭಾರಸಂಕೇತ, ವೇಗಸಂಕೇತ ನೋಡಿ ಆರಿಸಿಕೊಳ್ಳುವ ಅವಕಾಶವಿರುವುದು ಇದರ ದೊಡ್ಡ ಅನುಕೂಲ. ಆದರೆ ಗೋಡೆಯನ್ನು ಎಷ್ಟು ಆಳಕ್ಕೆ ಉಜ್ಜಬೇಕು, ಎಷ್ಟು ಶಾಖ ಕೊಡಬೇಕು ಎಂಬುದು ಪಳಗಿದ ಕೈಗಳ ಕೆಲಸ. ರೀಸೋಲಿಂಗ್ ಅಂಗಡಿಯಲ್ಲಿ ಹೇಳಿ ಮಾಡಿಸಿಕೊಳ್ಳುವಂಥದಲ್ಲ.

ನಾಲ್ಕನೆಯದು ಕಾರ್ಖಾನೆಯಲ್ಲೇ ಹುಟ್ಟಿದ ವೈಟ್‌ವಾಲ್. ಇದು ಎಲ್ಲಕ್ಕಿಂತ ನಿಶ್ಚಿಂತೆಯ ದಾರಿ. ಆದರೆ ಸಿಗುವ ಅಳತೆಗಳು ಸೀಮಿತ. ಇವು ಹೆಚ್ಚಾಗಿ 14 ಮತ್ತು 15 ಇಂಚಿನ ರಿಮ್‌ಗಳಿಗೆ, 70, 75ರಂತಹ ಎತ್ತರದ ಗೋಡೆಯ ಅನುಪಾತಗಳಲ್ಲಿ ದೊರೆಯುತ್ತವೆ. ದೊಡ್ಡ ರಿಮ್ಮನ್ನು ಬಿಡಲೊಲ್ಲದವರಿಗೆ ವೋಗ್ ಕಂಪನಿಯ ಬಿಳಿ ಮತ್ತು ಚಿನ್ನದ ಬಣ್ಣದ ಕಿರುಪಟ್ಟಿಯ ಟೈರುಗಳಿವೆ. ಅವುಗಳ ಸೊಗಸು ಬೇರೆಯದು, ಐವತ್ತರ ದಶಕದ ಛಾಯೆ ಅವುಗಳಲ್ಲಿಲ್ಲ.

ಕೊಳ್ಳುವಾಗ ಎಚ್ಚರ

ಹಳೆಯ ಕಾರುಗಳಿಗೆಂದು ತಯಾರಾಗುವ ವೈಟ್‌ವಾಲ್‌ಗಳಲ್ಲಿ ಎರಡು ಬಗೆ. ಒಂದು ರೇಡಿಯಲ್, ಇನ್ನೊಂದು ಹಳೆಯ ಪದ್ಧತಿಯ ಕ್ರಾಸ್‌ಪ್ಲೈ. ಮಿಷೆಲಿನ್ ಕಂಪನಿ 1946ರಲ್ಲಿ ರೇಡಿಯಲ್ ಟೈರಿಗೆ ಪೇಟೆಂಟ್ ಪಡೆಯುವ ಮೊದಲು ಇದ್ದದ್ದೆಲ್ಲ ಎರಡನೆಯ ಬಗೆಯೇ. 6.70-15 ಎಂಬಂತೆ ಅಳತೆ ಬರೆದಿರುವ ಟೈರುಗಳು ಸಾಮಾನ್ಯವಾಗಿ ಕ್ರಾಸ್‌ಪ್ಲೈ. ನೋಡಲು ಅವು ಅಚ್ಚುಕಟ್ಟಾಗಿ ಹಳೆಯ ಕಾಲದಂತೆಯೇ ಇರುತ್ತವೆ. ಆದರೆ ರೇಡಿಯಲ್‌ಗೆಂದೇ ವಿನ್ಯಾಸಗೊಂಡ ಹೊಸ ಕಾರಿಗೆ ಅವು ಸಲ್ಲವು. ವೇಗದಲ್ಲಿ ಕಾರು ಅತ್ತಿತ್ತ ಎಳೆಯುತ್ತದೆ, ಟೈರು ಬೇಗ ಕಾಯುತ್ತದೆ. ಎರಡು ಬಗೆಗಳನ್ನು ಒಂದೇ ಕಾರಿನಲ್ಲಿ ಬೆರೆಸುವುದಂತೂ ಅಪಾಯಕಾರಿ.

ಒಟ್ಟು ವ್ಯಾಸ ಕಂಪನಿ ಹೇಳಿದ್ದಕ್ಕೆ ಹತ್ತಿರವಿರಬೇಕು. ಫಿಯೆಟ್ 500ಕ್ಕೆ, '14 ಇಂಚು ತಾನೇ' ಎಂದುಕೊಂಡು 165/80 ಆರ್14 ಟೈರು ಹಾಕಿದರೆ ವ್ಯಾಸ 620 ಮಿ.ಮೀ. ಆಗುತ್ತದೆ, ಅಂದರೆ ಶೇ 6ರಷ್ಟು ಹೆಚ್ಚು. ಸ್ಪೀಡೋಮೀಟರ್ 100 ತೋರಿಸುವಾಗ ಕಾರು ಸುಮಾರು 106ರಲ್ಲಿ ಓಡುತ್ತಿರುತ್ತದೆ. ಸ್ಟೀರಿಂಗ್ ಪೂರ್ತಿ ತಿರುಗಿಸಿದಾಗ ಟೈರು ಒಳಗೆ ತಾಗುವ ಸಂಭವವೂ ಇದೆ.

ಭಾರಸಂಕೇತ ಮೂಲ ಟೈರಿಗಿಂತ ಕಡಿಮೆ ಇರಕೂಡದು. ವೇಗಸಂಕೇತವನ್ನೂ ನೋಡಬೇಕು, ಏಕೆಂದರೆ ಹಳೆಯ ಕಾರುಗಳನ್ನು ಗಮನದಲ್ಲಿಟ್ಟು ತಯಾರಾದ ಕೆಲವು ವೈಟ್‌ವಾಲ್‌ಗಳ ವೇಗಮಿತಿ ಹೊಸ ಕಾರಿಗೆ ಕಂಪನಿ ಕೊಟ್ಟ ಟೈರಿಗಿಂತ ಕಡಿಮೆಯಿರುತ್ತದೆ. ಗೋಡೆಯ ಮೇಲಿನ ತಯಾರಿಕೆಯ ದಿನಾಂಕವನ್ನೂ ತಪ್ಪದೆ ಓದಿ. 3524 ಎಂದಿದ್ದರೆ 2024ರ 35ನೇ ವಾರದಲ್ಲಿ ತಯಾರಾದುದು ಎಂದರ್ಥ. ನಿಧಾನವಾಗಿ ಮಾರಾಟವಾಗುವ ಸರಕು ಇದಾದ್ದರಿಂದ ಗೋದಾಮಿನಲ್ಲೇ ಮುದಿಯಾದ ಟೈರು ಕೈಗೆ ಬರದಂತೆ ನೋಡಿಕೊಳ್ಳಬೇಕು.

ರಿಮ್ ಬದಲಿಸುವವರು ಇನ್ನೂ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಫಿಯೆಟ್ 500ರ ನಾಲ್ಕು ಬೋಲ್ಟ್‌ಗಳು 98 ಮಿ.ಮೀ. ವ್ಯಾಸದ ವೃತ್ತದ ಮೇಲಿವೆ. ಅನೇಕ ಸಣ್ಣ ಕಾರುಗಳ ರಿಮ್‌ಗಳಲ್ಲಿ ಈ ವೃತ್ತ 100 ಮಿ.ಮೀ. ಎರಡು ಮಿಲಿಮೀಟರ್ ವ್ಯತ್ಯಾಸ ಕಣ್ಣಿಗೆ ತಿಳಿಯದು. ಬಲವಂತದಿಂದ ಬಿಗಿದರೆ ಕೂತಂತೆಯೂ ತೋರುತ್ತದೆ. ಆದರೆ ಬೋಲ್ಟ್‌ಗಳು ಓರೆಯಾಗಿ ಕೂತು, ಕ್ರಮೇಣ ಸಡಿಲಗೊಂಡು ಚಕ್ರವೇ ಕಳಚಬಹುದು. ಶಕ್ತಿಶಾಲಿ ಎಂಜಿನ್ನಿನ ಮಾದರಿಗಳಲ್ಲಿ ಬ್ರೇಕ್ ಡಿಸ್ಕ್ ದೊಡ್ಡದಿರುವುದರಿಂದ ಸಣ್ಣ ರಿಮ್ ಒಳಗೆ ಹಿಡಿಸದಿರಬಹುದು. ಅಂತಹ ಕಾರಿಗೆ ಕಂಪನಿ ಆ ಅಳತೆಯನ್ನು ಹೇಳಿರುವುದೂ ಇಲ್ಲ.

ಕಾನೂನಿನ ಮಾತು

ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ ನೋಂದಣಿ ಪತ್ರದ ವಿವರಗಳು ತಯಾರಕರು ನಿಗದಿಪಡಿಸಿದ್ದಕ್ಕಿಂತ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೇರಳದ ಪ್ರಕರಣವೊಂದರಲ್ಲಿ ಇದನ್ನು ಎತ್ತಿಹಿಡಿದಿತ್ತು. ಟೈರಿನ ಗೋಡೆಯ ಬಣ್ಣ ಈ ವಿವರಗಳ ಪೈಕಿ ಬರುವುದಿಲ್ಲವಾದರೂ ಅಳತೆಯ ಬಗ್ಗೆ ಪ್ರಶ್ನೆ ಏಳಬಹುದು. ಕಾರಿನ ಕೈಪಿಡಿಯಲ್ಲಿ ಹಾಗೂ ಬಾಗಿಲ ಚೌಕಟ್ಟಿನ ಚೀಟಿಯಲ್ಲಿ ನಮೂದಾಗಿರುವ ಅಳತೆಗಳೊಳಗೇ ಉಳಿದರೆ ಪೊಲೀಸರಿಗೂ ವಿಮಾ ಕಂಪನಿಗೂ ಉತ್ತರಿಸುವುದು ಸುಲಭ.

ಇನ್ನು ವಿದೇಶದಿಂದ ತರಿಸುವ ವಿಚಾರ. ಕಾರಿನ ಟೈರುಗಳಿಗೆ ಐಎಸ್‌ಐ ಗುರುತು ಕಡ್ಡಾಯ ಎಂಬ ಆದೇಶ 2009ರಲ್ಲಿ ಹೊರಬಿತ್ತು. 2020ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ಹೊಸ ಟೈರುಗಳ ಆಮದನ್ನು ನಿರ್ಬಂಧಿತ ಪಟ್ಟಿಗೆ ಸೇರಿಸಿತು. ಆದ್ದರಿಂದ ಹಣ ಕಟ್ಟುವ ಮೊದಲೇ ಪರವಾನಗಿಯ ವಿಚಾರವನ್ನು ಕಸ್ಟಮ್ಸ್ ವ್ಯವಹಾರ ಬಲ್ಲವರಲ್ಲಿ ಕೇಳಿ ಖಚಿತಪಡಿಸಿಕೊಳ್ಳುವುದು ಲೇಸು. ಬಂದರಿನಲ್ಲಿ ಸಿಕ್ಕಿಬಿದ್ದ ಟೈರಿನಿಂದ ಯಾರ ಕಾರೂ ಸಿಂಗಾರಗೊಳ್ಳದು.

ಜೋಡಿಸುವಾಗ, ಜೋಡಿಸಿದ ಮೇಲೆ

ಹೊಸ ವೈಟ್‌ವಾಲ್ ಕೈಗೆ ಬಂದಾಗ ಬಿಳಿ ಕಾಣದೆ ನೀಲಿ ಬಣ್ಣ ಕಂಡರೆ ಗಾಬರಿಯಾಗಬೇಕಿಲ್ಲ. ಸಾಗಾಟದಲ್ಲಿ ಬಿಳುಪು ಕೊಳೆಯಾಗದಿರಲೆಂದು ಬಳಿದ ರಕ್ಷಣೆಯ ಲೇಪ ಅದು. ಜೋಡಣೆ ಮುಗಿಯುವವರೆಗೆ ಅದನ್ನು ಹಾಗೆಯೇ ಬಿಟ್ಟು, ಮುಗಿದ ಕೂಡಲೇ ನೀರು, ಸೋಪು, ಮೆತ್ತನೆಯ ಬ್ರಷ್‌ನಿಂದ ತೊಳೆಯಬೇಕು. ಲೇಪದೊಂದಿಗೇ ಬಿಸಿಲಿನಲ್ಲಿ ಓಡಿಸಿದರೆ ನೀಲಿ ಕಚ್ಚಿಕೊಂಡು ಕಲೆ ಉಳಿಯುತ್ತದೆ. ಟೈರುಗಳನ್ನು ಒಂದರ ಮೇಲೊಂದು ಪೇರಿಸಿಡುವಾಗ ಬಿಳಿಗೆ ಬಿಳಿ, ಕಪ್ಪಿಗೆ ಕಪ್ಪು ಎದುರಾಗಿರಬೇಕು. ಇಲ್ಲವಾದರೆ ಕಪ್ಪು ರಬ್ಬರಿನ ಜಿನುಗು ಬಿಳಿಗೆ ಹತ್ತುತ್ತದೆ.

ಟೈರು ಅಂಗಡಿಯಲ್ಲಿ ಗ್ರೀಸ್ ಅಂಟಿದ ಕೈ, ಕೊಳಕು ಸೋಪುನೀರು ಬಿಳುಪಿನ ಶತ್ರುಗಳು. ಶುಭ್ರವಾದ ಸೋಪುನೀರನ್ನೇ ಬಳಸುವಂತೆ ಹೇಳಿ. ಸಲಾಕೆ ಹಾಕಿ ಮೀಟುವ ಅಂಗಡಿಗಿಂತ ಯಂತ್ರವಿರುವ ಅಂಗಡಿಯೇ ವಾಸಿ. ವ್ಹೀಲ್ ಬ್ಯಾಲೆನ್ಸಿಂಗ್‌ಗೆ ರಿಮ್ಮಿನ ಹೊರ ಅಂಚಿಗೆ ಬಡಿಯುವ ತೂಕದ ಬದಲು ಒಳಬದಿಗೆ ಅಂಟಿಸುವ ತೂಕ ಹಾಕಿಸಿದರೆ ನೋಟ ಕೆಡುವುದಿಲ್ಲ. ಗಾಳಿಯ ಒತ್ತಡ ತಿಳಿಸುವ ಸಂವೇದಕವಿರುವ ಕಾರಾದರೆ ಅದನ್ನು ಹೊಸ ರಿಮ್ಮಿಗೆ ವರ್ಗಾಯಿಸುವುದನ್ನು ಮರೆಯಬಾರದು. ಸ್ಟೆಪ್ನಿ ಕೂಡ ಅದೇ ಅಳತೆಯದಿದ್ದರೆ ಕಷ್ಟಕಾಲದಲ್ಲಿ ಚಿಂತೆಯಿಲ್ಲ. ಬಿಳುಪು ಸಾಮಾನ್ಯವಾಗಿ ಒಂದೇ ಬದಿಗಿರುವುದರಿಂದ ಮುಂದೆ ಟೈರನ್ನು ಒಳಹೊರಗು ಮಾಡಿ ಹಾಕುವ ಅವಕಾಶವಿಲ್ಲ ಎಂಬುದೂ ನೆನಪಿರಲಿ.

ನಿರ್ವಹಣೆಯೇ ನಿಜವಾದ ಪರೀಕ್ಷೆ. ಕೆಮ್ಮಣ್ಣಿನ ದೂಳು, ಬ್ರೇಕಿನ ಕರಿ, ಮಳೆಗಾಲದ ಕೆಸರು ಎಲ್ಲವೂ ಬಿಳಿಯ ಮೇಲೆ ಅಚ್ಚೊತ್ತುತ್ತವೆ. ವಾರಕ್ಕೊಮ್ಮೆಯಾದರೂ ಸೋಪುನೀರಿನಿಂದ ತೊಳೆಯಬೇಕು. ಪೆಟ್ರೋಲು, ಸೀಮೆಎಣ್ಣೆ, ಥಿನ್ನರ್ ತಾಗಿಸಬಾರದು, ಇವು ರಬ್ಬರನ್ನೇ ತಿನ್ನುತ್ತವೆ. ಟೈರಿಗೆ ಹೊಳಪು ಬರಿಸಲು ಸರ್ವಿಸ್ ಸ್ಟೇಷನ್‌ಗಳಲ್ಲಿ ಬಳಿಯುವ ಎಣ್ಣೆಯಂಥ ದ್ರವ ಬಿಳುಪನ್ನು ಹಳದಿಯಾಗಿಸುತ್ತದೆ. ಕಾರು ತೊಳೆಯಲು ಕೊಡುವಾಗಲೇ ಅದು ಬೇಡವೆಂದು ಹೇಳಿಬಿಡುವುದು ಉತ್ತಮ. ಎಲ್ಲಕ್ಕಿಂತ ಹೆಚ್ಚಾಗಿ ಫುಟ್‌ಪಾತ್‌ನ ಕಲ್ಲಿಗೆ ಟೈರು ಒರೆಸಿ ನಿಲ್ಲಿಸುವ ಅಭ್ಯಾಸವನ್ನು ಬಿಡಬೇಕು. ಒಮ್ಮೆ ಉಜ್ಜಿದ ಗಾಯ ತೊಳೆದರೆ ಹೋಗುವುದಿಲ್ಲ.

ಯಾರಿಗೆ ಸರಿ?

ದಿನವೂ ಕಚೇರಿಗೆ ಓಡುವ, ರಾತ್ರಿ ರಸ್ತೆಬದಿಯಲ್ಲಿ ನಿಲ್ಲುವ, ವಾರಾಂತ್ಯದಲ್ಲಿ ಹೆದ್ದಾರಿ ಹಿಡಿಯುವ ಕಾರಿಗೆ ಈ ಸಿಂಗಾರ ಹೊರೆಯೇ ಸರಿ. ಇಂತಹ ಕಾರಿನ ಒಡೆಯರು ಆಸೆಯನ್ನು ತಡೆದುಕೊಳ್ಳುವುದು ಜಾಣತನ. 2014ರಲ್ಲಿ ತಯಾರಿಕೆ ನಿಂತ ಅಂಬಾಸಿಡರ್‌ನಂತಹ, 15 ಇಂಚಿನ ಚಕ್ರ ಮತ್ತು ಎತ್ತರದ ಗೋಡೆಯ ಟೈರುಳ್ಳ ಕಾರನ್ನು ಜತನವಾಗಿ ಇಟ್ಟುಕೊಂಡವರಿಗೆ ಬಿಳಿ ಅಂಚು ಸಹಜವಾಗಿಯೇ ಒಪ್ಪುತ್ತದೆ. ಹೊಸ ಕಾರಿನವರ ಪೈಕಿ ಯಾರ ಕಾರಿಗೆ ಕಂಪನಿಯೇ 14 ಅಥವಾ 15 ಇಂಚಿನ ರಿಮ್ಮನ್ನು ಒಪ್ಪಿದೆಯೋ, ಯಾರಿಗೆ ತೊಳೆಯುವ ತಾಳ್ಮೆ ಇದೆಯೋ, ಅವರು ಮೂರನೆಯ ಅಥವಾ ನಾಲ್ಕನೆಯ ದಾರಿ ಹಿಡಿಯಬಹುದು.

ಚಲಿಸುವ ಕಾರು ನೆಲವನ್ನು ಮುಟ್ಟಿರುವುದು ನಾಲ್ಕೇ ಕಡೆ, ಪ್ರತಿಯೊಂದು ಕಡೆಯೂ ಸುಮಾರು ಅಂಗೈ ಅಗಲದಷ್ಟು ಮಾತ್ರ. ಒಳಗೆ ಕುಳಿತವರ ಜೀವ ನಿಂತಿರುವುದು ಅಷ್ಟೇ ಜಾಗದ ಮೇಲೆ. ಆ ಅಂಗೈಗಳನ್ನು ಹೊತ್ತಿರುವ ಗೋಡೆಗೆ ಘಾಸಿಯಾಗದಂತೆ ಬಿಳಿ ಅಂಚು ತೊಡಿಸಲು ಸಾಧ್ಯವಿದ್ದರೆ ಧಾರಾಳವಾಗಿ ತೊಡಿಸಿ. ಅದಕ್ಕೆ ಹಣವೋ ಅನುಕೂಲವೋ ಸಾಲದೆಂದಾದರೆ ಕಪ್ಪು ಟೈರನ್ನೇ ಶುಭ್ರವಾಗಿ ತೊಳೆದು, ಗಾಳಿ ಸರಿಯಾಗಿಟ್ಟು ಓಡಿಸಿ. ನೂರು ವರ್ಷಗಳ ಹಿಂದೆ ಸಿರಿವಂತರು ಹೆಚ್ಚು ಹಣ ತೆತ್ತು ಕೊಳ್ಳುತ್ತಿದ್ದುದು ಅದನ್ನೇ ಅಲ್ಲವೇ?